ಬುನಾದಿಯ ನೀರು ಹೊರಗ ತಡೀಬೇಕು, ಒಳಗಲ್ಲ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ವಸೂಲಿ, ಶೇರು, ಲಾಭಾಂಶದ ಬಗ್ಗೆ ಮಾತಾಡುವವರು ನಮಗಿಂತ ತಿಳಿದವರು ಬಹಳ ಮಂದಿ ಇದ್ದಾರೆ. ನಮಗೆ ಕಾರ್ಯದರ್ಶಿಯವರು ಒಪ್ಪಿಸಿದ್ದು ಬೇರೆ ವಿಷಯ. ಮನೆಯ ಬುನಾದಿಗೆ ಹೊರಗಿನಿಂದ ನೀರು ಇಳಿಯದಂತೆ ಹೇಗೆ ಕಾಯ್ದುಕೊಳ್ಳಬೇಕು ಎಂಬುದು. ಸಹಕಾರ ಸಂಘಕ್ಕೂ ಬುನಾದಿಗೂ ಏನು ಸಂಬಂಧ ಅಂತ ಕೆಲವರು ನಗಬಹುದು. ಸಂಬಂಧ ಇದೆ. ಅದನ್ನು ಕೊನೆಗೆ ಹೇಳುತ್ತೇವೆ.

ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು. ಮಲೆನಾಡಿನವರು ಕೇಳಿದರೆ ಇದೂ ಒಂದು ಮಳೆ ಏನ್ರೀ ಅಂತಾರೆ. ಆದರೆ ನಮ್ಮ ಮಳೆ ಹದವಾಗಿ ಬರೂದಿಲ್ಲ. ಮೃಗಶಿರ, ಆರಿದ್ರ ಒಣಗಿಸಿ ಹೋಗ್ತಾವ. ಉತ್ತರಿ, ಹಸ್ತ, ಚಿತ್ತಿಯೊಳಗ ಒಮ್ಮೆಲೆ ಸುರೀತಾವ. ೨೦೦೯ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಯಾರೂ ಮರೆತಿಲ್ಲ. ಉತ್ತರ ಕರ್ನಾಟಕದ ತುಂಬ ಮನೆಗಳು ಬಿದ್ದವು, ‘ಆಸರೆ’ ಮನೆಗಳನ್ನು ಕಟ್ಟಬೇಕಾಯಿತು. ೨೦೧೯ರ ಆಗಸ್ಟ್‌ನಲ್ಲಿ ನರಗುಂದ, ರೋಣ ಕಡೆ ಮಲಪ್ರಭೆ ಬಂದಳು. ಆಗ ಪೂರಾ ಬಿದ್ದ ಮನೆಗೆ ಸರಕಾರ ೫ ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಹೊಳೆ ನೀರು ಬಂದು ಬಿದ್ದ ಮನೆಯ ಮಾತು ಬೇರೆ. ನಾವು ಹೇಳುವುದು, ಹೊಳೆ ಹತ್ತಿರ ಇಲ್ಲದ ಊರಾಗೂ ಮಳೆಗಾಲಕ್ಕೊಮ್ಮೆ ನಾಲ್ಕಾರು ಗ್ವಾಡಿ ಬೀಳ್ತಾವಲ್ಲ, ಅವುಗಳ ಮಾತು. ಅಂಥ ಗ್ವಾಡಿ ಮಳೆ ಹನಿ ಹೊಡೆದು ಬೀಳೂದು ಕಡಿಮೆ. ಬುಡದಾಗ ನೀರು ಕುಡಿದು ಕುಡಿದು ಮೆತ್ತಗಾಗಿ ಬೀಳ್ತಾವ. ಬಹಳ ಸಲ ರಾತ್ರಿ ಬೀಳ್ತಾವ, ಮಳೆ ನಿಂತು ಎರಡು ದಿನ ಆದಮ್ಯಾಲೂ ಬೀಳ್ತಾವ. ಗ್ವಾಡಿ ಮಗ್ಗಲಿಗೆ ಮಕ್ಕಳು ಮಲಗಿರ್ತಾವ. ಈ ಕಾರಣಕ್ಕಾಗಿ ಇದು ಬರೀ ಬಣ್ಣ ಸುಣ್ಣದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ.

ಮೊದಲು ಮಣ್ಣಿನ ಗುಣ ತಿಳೀಬೇಕು

ನಮ್ಮ ಸೀಮೆಯಲ್ಲಿ ಎರಡು ಥರದ ನೆಲ. ಗದಗ, ಲಕ್ಷ್ಮೇಶ್ವರ ಕಡೆ ಬಹುಪಾಲು ಎರಿ. ಕಪ್ಪತಗುಡ್ಡದ ಮಗ್ಗಲಿನ ಮುಂಡರಗಿ, ಶಿರಹಟ್ಟಿ ಊರುಗಳಲ್ಲಿ ಮಸಾರಿ, ಗರಸು ಹೆಚ್ಚು. ಮಸಾರಿಯಲ್ಲಿ ನೀರು ಬೇಗ ಇಳಿದು ಹೋಗುತ್ತದೆ. ಎರಿಯಲ್ಲಿ ಹಾಗಲ್ಲ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬ್ಯಾಸಿಗಿಯಲ್ಲಿ ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ನಾವೆಲ್ಲ ನೋಡಿದ್ದೇವೆ. ಜೋಳಕ್ಕೆ, ಕಡಲೆಗೆ, ಹತ್ತಿಗೆ ಆ ಗುಣ ವರ. ಹಿಂಗಾರಿ ಬೆಳೆ ಬರೀ ಆ ಹಸಿಯ ಮ್ಯಾಲ ಬರತೈತಿ. ಆದರೆ ಮನೆಗೆ ಅದೇ ಗುಣ ಶಾಪ. ಮನೆಯ ಒಂದು ಮೂಲೆ ಹಸಿ, ಇನ್ನೊಂದು ಮೂಲೆ ಒಣ ಆದರೆ ಒಂದು ಕಡೆ ಬುನಾದಿ ಏಳುತ್ತದೆ, ಇನ್ನೊಂದು ಕಡೆ ಕೂರುತ್ತದೆ. ನಡುವೆ ಗ್ವಾಡಿ ಸೀಳುತ್ತದೆ. ಬಾಗಿಲು ಮಳೆಗಾಲಕ್ಕೆ ಒಂಥರ, ಬ್ಯಾಸಿಗಿಗೆ ಒಂಥರ ಹಿಡಿಯುತ್ತದೆ.

ಅದಕ್ಕೇ ನಮ್ಮ ಊರುಗಳಲ್ಲಿ ಬುನಾದಿಗೆ ನೀರು ತಡೆಯುವುದೆಂದರೆ ಎರಡು ಕೆಲಸ. ಒಂದು, ಗ್ವಾಡಿಗೆ ಹಸಿ ಏರಬಾರದು. ಎರಡು, ಬುನಾದಿ ಸುತ್ತಲ ಎರಿ ವರ್ಷವಿಡೀ ಆದಷ್ಟು ಒಂದೇ ಹದದಲ್ಲಿ ಇರಬೇಕು. ಎರಡನೆಯದನ್ನು ಬಹಳ ಮಂದಿ ಲಕ್ಷ್ಯಕ್ಕೆ ತರೂದಿಲ್ಲ.

ಹಳೆಯವರ ತಿಳುವಳಿಕೆ

ನೆಲದೊಳಗೆ ನೀರು ಹೋಗದಂತೆ ಕಾಯುವ ವಿದ್ಯೆ ನಮಗೆ ಹೊಸದಲ್ಲ. ನಮ್ಮ ಅಜ್ಜಂದಿರ ಹಗೇವು ನೆನಪು ಮಾಡಿಕೊಳ್ಳಿರಿ. ನೆಲದೊಳಗೆ ಕಾಳು ಇಟ್ಟು ವರ್ಷಗಟ್ಟಲೆ ಕಾಯುತ್ತಿದ್ದರು. ಹಗೇವು ತಗ್ಗಿನಲ್ಲಿ ತೆಗೆಯುತ್ತಿರಲಿಲ್ಲ, ದಿನ್ನೆ ಹುಡುಕಿ ಗಟ್ಟಿ ನೆಲದಲ್ಲಿ ತೆಗೆಯುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ದಿಬ್ಬ ಮಾಡಿ ಮೆತ್ತುತ್ತಿದ್ದರು. ದಿಬ್ಬ ಯಾಕೆ? ನೀರು ಅಲ್ಲಿ ನಿಲ್ಲಬಾರದು, ನಾಲ್ಕೂ ಕಡೆ ಹರಿದು ಹೋಗಬೇಕು. ಒಳಗೆ ಹಾಕುವ ಹುಲ್ಲು ಕಣಕಿ ಎರಡನೆಯ ಕಾವಲು. ಮೊದಲನೆಯ ಕಾವಲು ಮೇಲಿನ ದಿಬ್ಬ.

ಆ ದಿಬ್ಬ ಹೋಗಿ, ಹಗೇವಿನ ಮೇಲೆ ಮನೆ ರಸ್ತೆ ಬಂದು, ಕೆಳಗೆ ನೀರು ಸೇರಿದರೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಯ ನರಗುಂದ ಪಟ್ಟಣ ತೋರಿಸಿದೆ. ೨೦೧೯-೨೦ರ ಸುಮಾರಿಗೆ ಅಲ್ಲಿನ ಹಳೇ ಓಣಿಗಳಲ್ಲಿ ನೆಲ ಕುಸಿದು ಗುಂಡಿ ಬಿದ್ದವು, ಮನೆಗಳಲ್ಲಿ ನೀರು ಜಿನುಗಿತು. ಹಳೇ ಹಗೇವುಗಳು ಮತ್ತು ಮೇಲೆ ಬಂದ ಅಂತರ್ಜಲ ಇದಕ್ಕೆ ಕಾರಣವೆಂದು ಚರ್ಚೆಯಾಯಿತು, ಭೂವಿಜ್ಞಾನಿಗಳು ಬಂದು ನೋಡಿದರು. ಆದ್ದರಿಂದ ಮನೆ ಕಟ್ಟುವ ಜಾಗದಲ್ಲಿ ಹಗೇವು ಇತ್ತೇ ಎಂದು ಊರ ಹಿರಿಯರನ್ನು ಕೇಳದೆ ಸಲಿಕೆ ಹಚ್ಚಬೇಡಿರಿ. ಇದ್ದರೆ ಗರಸು ತುಂಬಿ ಪದರ ಪದರವಾಗಿ ದಮ್ಮಸು ಮಾಡಬೇಕು. ಹಳೇ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ, ಒಮ್ಮೆಲೆ ಇಳಿಯಬಾರದು ಎಂಬ ಮಾತೂ ನೆನಪಿರಲಿ.

ಇನ್ನು ನಮ್ಮ ಸೀಮೆಯ ಗುಡಿಗಳನ್ನು ನೋಡಿರಿ. ಲಕ್ಷ್ಮೇಶ್ವರದ ಸೋಮೇಶ್ವರ, ಗದಗಿನ ತ್ರಿಕೂಟೇಶ್ವರ, ಮುಂಡರಗಿ ತಾಲೂಕಿನ ಡಂಬಳದ ದೊಡ್ಡಬಸಪ್ಪ. ಗ್ವಾಡಿ ನೆಲದಿಂದ ನೇರ ಎದ್ದಿಲ್ಲ. ಕೆಳಗೆ ಕಲ್ಲಿನ ಪಟ್ಟಿಗಳ ಎತ್ತರದ ಅಧಿಷ್ಠಾನ ಇದೆ. ಮನೆಯ ಬುಡ ಎತ್ತರ ಇರಬೇಕು, ಚಾವಣಿಯ ನೀರು ಗ್ವಾಡಿಯಿಂದ ದೂರ ಬೀಳಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಬೇಡ.

ಒಳಗಿನ ಗಿಲಾವು ಯಾಕೆ ನಿಲ್ಲೂದಿಲ್ಲ

ಗ್ವಾಡಿಗೆ ಸವಳು ಹತ್ತಿತೆಂದರೆ ನಾವು ಮಾಡುವ ಮೊದಲ ಕೆಲಸ, ಒಳಗಿನ ಹಳೇ ಗಿಲಾವು ಉದುರಿಸಿ ಸಿಮೆಂಟು ಬಳಿಸುವುದು. ಒಂದು ವರ್ಷ ಚಂದ ಕಾಣುತ್ತದೆ. ಮರುವರ್ಷ ಅದೂ ಉಬ್ಬಿ ಹಪ್ಪಳದಂತೆ ಬೀಳುತ್ತದೆ, ಸವಳು ಇನ್ನೊಂದು ಫೂಟು ಮೇಲೆ ಏರಿರುತ್ತದೆ. ಕಾರಣ ಸರಳ. ದೀಪದ ಬತ್ತಿ ಎಣ್ಣೆ ಎಳೆದಂತೆ ಕಲ್ಲು, ಇಟ್ಟಂಗಿ, ಮಣ್ಣು ನೆಲದಿಂದ ನೀರು ಎಳೆಯುತ್ತವೆ. ನೀರಿನ ಸಂಗಡ ಉಪ್ಪೂ ಏರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿದು ಹರಳುಗಟ್ಟಿ ಗಿಲಾವನ್ನು ಒಡೆಯುತ್ತದೆ. ಸಿಮೆಂಟು ಬಳಿದರೆ ಆರುವ ದಾರಿ ಮುಚ್ಚಿದಂತೆ, ನೀರು ಇನ್ನೂ ಮೇಲೆ ದಾರಿ ಹುಡುಕುತ್ತದೆ.

ಹೊಲದಿಂದ ಕಾಳು ತರುವಾಗ ತಾಡಪತ್ರಿಯನ್ನು ಚೀಲದ ಮ್ಯಾಲ ಹೊದಿಸ್ತೇವಿ, ಚೀಲದ ಒಳಗ ಹೊದಿಸೂದಿಲ್ಲ. ಮಳೆಯಾಗ ಕಂಬಳಿ ಕೊಪ್ಪಿ ಅಂಗಿ ಮ್ಯಾಲ ಹಾಕ್ಕೋತೇವಿ. ಬುನಾದಿಗೂ ಅಷ್ಟೇ. ನೀರು ಬರುವ ಕಡೆ ತಡೆ ಇರಬೇಕು.

ತಡೆಯುವ ಮೊದಲು ಯಾವ ಹಸಿ ಎಂದು ಗುರುತಿಸಬೇಕು. ಒಂದು ಫೂಟು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗ್ವಾಡಿಗೆ ನಾಲ್ಕೂ ಕಡೆ ಟೇಪು ಹಚ್ಚಿ ಎರಡು ದಿನ ಬಿಡಿರಿ. ಹಾಳೆಯ ಒಳಮೈಯಲ್ಲಿ, ಅಂದರೆ ಗ್ವಾಡಿ ಕಡೆ ಹನಿ ಕೂತರೆ ಹಸಿ ಗ್ವಾಡಿಯಿಂದ ಬಂದದ್ದು. ಕೋಣೆಯ ಕಡೆ ಹನಿ ಕೂತರೆ ಅದು ಗಾಳಿಯ ಥಂಡಿ. ಕಿಟಕಿ ತೆಗೆದರೆ ಸಾಕು, ಬುನಾದಿ ಅಗೆಯುವ ಅಗತ್ಯ ಇಲ್ಲ. ಹಾಗೆಯೇ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಬ್ಯಾಸಿಗಿಗೆ ಬಾಯಿ ತೆರೆದು ಮಳೆಗಾಲಕ್ಕೆ ಮುಚ್ಚುವಂಥ ಬಿರುಕಿದ್ದರೆ ಅದು ಎರಿಯ ಆಟ. ಅದಕ್ಕೆ ಸಿಮೆಂಟು ತುಂಬಿದರೆ ಪ್ರಯೋಜನ ಇಲ್ಲ, ಹೊರಗಿನ ನೀರಿನ ವ್ಯವಸ್ಥೆ ನೆಟ್ಟಗೆ ಮಾಡಬೇಕು.

ದುಡ್ಡಿಲ್ಲದೆ ಆಗುವ ಕೆಲಸ ಮೊದಲು

ಒಂದು ಲೆಕ್ಕ ಹೇಳುತ್ತೇವೆ. ೬೦೦ ಚದರ ಫೂಟಿನ ಮಾಳಿಗೆ ಅಥವಾ ಸ್ಲ್ಯಾಬಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು ೧,೪೦೦ ಲೀಟರು ನೀರು. ೧೫ ಲೀಟರಿನ ಕೊಡ ಹಿಡಿದರೆ ೯೦ ಕೊಡಕ್ಕೂ ಮೇಲೆ. ಒಂದು ಸಂಜೆಯ ಮಳೆಯಲ್ಲಿ ತೊಂಬತ್ತು ಕೊಡ ನೀರನ್ನು ಹರಿನಾಳಿಗೆಯ ಮೂಲಕ ನಾವೇ ನಮ್ಮ ಗ್ವಾಡಿ ಬುಡಕ್ಕೆ ಸುರೀತೇವಿ. ನೆರೆಯವರು ಬಂದು ಒಂದು ಕೊಡ ಸುರಿದರೆ ಜಗಳಕ್ಕೆ ಹೋಗ್ತೇವಿ! ಆದ್ದರಿಂದ,

ಮೊದಲನೆಯದು, ಹರಿನಾಳಿಗೆ ನೀರು ಪೈಪಿನಲ್ಲಿ ಇಳಿಸಿ ಗ್ವಾಡಿಯಿಂದ ಕನಿಷ್ಠ ಆರು ಫೂಟು ದೂರ ಬಿಡಬೇಕು, ಇಲ್ಲವೆ ಗಟಾರಕ್ಕೆ ಸೇರಿಸಬೇಕು. ಟಾಕಿಗೆ ಹಿಡಿದರೆ ಇನ್ನೂ ಉತ್ತಮ. ಕಪ್ಪತಗುಡ್ಡದ ಕಡೆ ಊರಿನವರಿಗೆ ಕುಡಿಯುವ ನೀರಿನ ಬೆಲೆ ನಾವು ಹೇಳಬೇಕಿಲ್ಲ.

ಎರಡನೆಯದು, ಗ್ವಾಡಿ ಬುಡದಿಂದ ಹೊರಗೆ ನೆಲ ಇಳಿಜಾರು ಇರಬೇಕು. ಫೂಟಿಗೆ ಒಂದು ಇಂಚು ಇಳಿಕೆ ಸಾಕು. ಆರು ಫೂಟಿಗೆ ಅರ್ಧ ಫೂಟು. ಒಂದು ಕೊಡ ನೀರು ಗ್ವಾಡಿ ಹತ್ತಿರ ಸುರಿದು ನೋಡಿರಿ. ಅದು ಮನೆ ಕಡೆ ತಿರುಗಿದರೆ ಅಥವಾ ನಿಂತರೆ ಮಣ್ಣು ಏರಿಸಬೇಕು.

ಮೂರನೆಯದು, ಬಚ್ಚಲ ನೀರು, ನಳದ ಕಟ್ಟೆಯ ನೀರು. ಮಳೆ ವರ್ಷಕ್ಕೆ ಕೆಲವು ದಿನ. ಬಚ್ಚಲ ದಿನಾ. ಬಚ್ಚಲ ಮೋರಿ ಒಡೆದಿದ್ದರೆ ಎಷ್ಟು ಡಾಂಬರು ಬಳಿದರೂ ವ್ಯರ್ಥ. ಇಂಗುಗುಂಡಿ ಬುನಾದಿಯಿಂದ ಹದಿನೈದು ಇಪ್ಪತ್ತು ಫೂಟು ದೂರ ಇರಲಿ. ಮನೆಗೆ ನಳದ ಪೈಪು ತರಲು ಅಗೆದ ಕಾಲುವೆಯನ್ನು ಸಡಿಲ ಮಣ್ಣಿನಿಂದ ಮುಚ್ಚಿದ್ದರೆ ಮಳೆ ನೀರು ಅದೇ ಕಾಲುವೆ ಹಿಡಿದು ಸೀದಾ ನಿಮ್ಮ ಬುನಾದಿಗೆ ಬರುತ್ತದೆ. ಅದನ್ನು ತೆಗೆದು ಗರಸು ಹಾಕಿ ದಮ್ಮಸು ಮಾಡಿರಿ.

ನಾಲ್ಕನೆಯದು, ಗ್ವಾಡಿಗೆ ಹತ್ತಿ ಬಾಳೆ, ಪಪ್ಪಾಯಿ ಹಚ್ಚಿ ನೀರು ಹಾಕಬಾರದು. ದೊಡ್ಡ ಗಿಡ ಎರಿಯಲ್ಲಿ ಬೇರೆ ಥರ ತೊಂದರೆ. ಬೇವು, ಅರಳಿಯಂಥ ಗಿಡಗಳು ಬ್ಯಾಸಿಗಿಯಲ್ಲಿ ಬುನಾದಿ ಕೆಳಗಿನ ಹಸಿ ಹೀರಿ ಮಣ್ಣು ಕುಗ್ಗಿಸುತ್ತವೆ. ಗಿಡ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ಹಚ್ಚುವುದು ಒಳ್ಳೆಯ ನಿಯಮ. ಹಾಗಂತ ಈಗಿರುವ ದೊಡ್ಡ ಗಿಡ ಒಮ್ಮೆಲೆ ಕಡಿಯಬೇಡಿರಿ; ಹೀರುವವರು ಇಲ್ಲದಂತಾಗಿ ಮಣ್ಣು ಉಬ್ಬುತ್ತದೆ.

ಈ ನಾಲ್ಕೇ ಕೆಲಸದಿಂದ ಹೆಚ್ಚಿನ ಮನೆಗಳ ತೊಂದರೆ ಕಡಿಮೆಯಾಗುತ್ತದೆ. ಆಗದಿದ್ದರೆ ಮಾತ್ರ ಅಗೆಯುವ ಮಾತು.

ಅಗೆದು ಮಾಡುವ ಕೆಲಸ

ಇದಕ್ಕೆ ಕಾಲ ಮುಖ್ಯ. ಸಂಕ್ರಾಂತಿಯಿಂದ ಶಿವರಾತ್ರಿ ಒಳಗೆ ಮಾಡಬೇಕು. ಆಗ ಎರಿ ಕೆಸರೂ ಇರೂದಿಲ್ಲ, ಪೂರಾ ಬಿರಿದೂ ಇರೂದಿಲ್ಲ. ಹೊಲದ ಸುಗ್ಗಿಯ ನಡುವೆ ಪುರಸೊತ್ತು ಎಲ್ಲಿ ಅಂದರೆ, ನಾಲ್ಕು ದಿನ ಮಾಡಿಕೊಳ್ಳಲೇಬೇಕು. ರೋಹಿಣಿ ಮಳೆ ಬಂದ ಮೇಲೆ ಬುನಾದಿ ಅಗೆಯುವುದು ಅಪಾಯ.

ಕಲ್ಲು ಸಿಮೆಂಟಿನ ಬುನಾದಿ ಇದ್ದವರು ಹೀಗೆ ಮಾಡಬಹುದು. ಗ್ವಾಡಿ ಉದ್ದಕ್ಕೂ ಒಮ್ಮೆಲೆ ಅಗೆಯಕೂಡದು. ನಾಲ್ಕೈದು ಫೂಟು ಅಗೆದು, ಎಂಟು ಹತ್ತು ಫೂಟು ಬಿಟ್ಟು, ಮುಂದೆ ನಾಲ್ಕೈದು ಫೂಟು ಅಗೆಯಬೇಕು. ಮೊದಲಿನದು ಮುಚ್ಚಿ ಗಟ್ಟಿಯಾದ ಮೇಲೆ ನಡುವಿನದು. ಬುನಾದಿಯ ತಳಕ್ಕಿಂತ ಕೆಳಗೆ ಎಂದೂ ಹೋಗಬಾರದು. ಅರ್ಧ ಫೂಟು ಮೇಲೆಯೇ ನಿಲ್ಲಬೇಕು. ತೆಗೆದ ಮಣ್ಣು ಕಾಲುವೆ ದಂಡೆಗೆ ಸುರಿಯದೆ ಮೂರು ಫೂಟು ದೂರ ಹಾಕಬೇಕು. ನಾಲ್ಕು ಫೂಟಿಗಿಂತ ಆಳ ಆದರೆ ಹಲಗೆ ಆನಿಸದೆ ಆಳು ಇಳಿಸಬೇಡಿರಿ. ಎರಿ ದಂಡೆ ಹೇಳಿ ಕೇಳಿ ಕುಸಿಯೂದಿಲ್ಲ.

ಆಮೇಲೆ ಕಲ್ಲಿನ ಸಂದಿಯ ಮಣ್ಣು ಬ್ರಶ್ಶಿನಿಂದ ಉಜ್ಜಿ ತೆಗೆದು, ಸಂದಿ ತುಂಬಿ, ಒಂದಕ್ಕೆ ನಾಲ್ಕರ ಗಾರೆಯಿಂದ ಗಿಲಾವು ಮಾಡಬೇಕು. ಗಾರೆಗೆ ನೀರು ತಡೆಯುವ ಪುಡಿ ಅಥವಾ ದ್ರವವನ್ನು ಡಬ್ಬಿಯ ಮೇಲೆ ಬರೆದ ಅಳತೆಗೇ ಹಾಕಬೇಕು, ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಆಗೂದಿಲ್ಲ. ಏಳು ದಿನ ನೀರು ಚಿಮುಕಿಸಿ, ಆಮೇಲೆ ಪೂರಾ ಒಣಗಲು ಬಿಟ್ಟು, ತಣ್ಣಗೆ ಬಳಿಯುವ ಡಾಂಬರು ಬಣ್ಣ ಎರಡು ಕೈ ಬಳಿಯಬೇಕು. ಮೊದಲನೆಯದು ಅಡ್ಡ, ಒಣಗಿದ ಮೇಲೆ ಎರಡನೆಯದು ಉದ್ದ. ನೆಲಕ್ಕಿಂತ ಅರ್ಧ ಫೂಟು ಮೇಲಿನ ತನಕ ಬರಲಿ. ರಸ್ತೆಯ ಡಾಂಬರು ಕಾಯಿಸಿ ಬಳಿಯುವ ಸಾಹಸ ಬೇಡ, ಕೈಕಾಲು ಸುಟ್ಟುಕೊಂಡಾರು. ಡಾಂಬರಿನ ಮೇಲೆ ಮಣ್ಣು ತುಂಬುವಾಗ ಕಲ್ಲು ತಾಗಿ ಹರಿಯದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಕೃಷಿ ಹೊಂಡಕ್ಕೆ ಹಾಸಿ ಉಳಿದ ತುಂಡು ಇದ್ದರೆ ಅದೇ ಸಾಕು.

ತುಂಬುವಾಗ ತೆಗೆದ ಎರಿಯನ್ನೇ ಮರಳಿ ತುಂಬಬಾರದು. ಗರಸು ತರಿಸಿ ಅರ್ಧರ್ಧ ಫೂಟು ಹಾಕುತ್ತ, ತುಸು ನೀರು ಚಿಮುಕಿಸಿ ದಮ್ಮಸು ಮಾಡಬೇಕು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ದೊಡ್ಡ ಊರುಗಳಲ್ಲಿ ಬುನಾದಿ ಕಾಲುವೆಯ ತಳಕ್ಕೆ ತೂತಿನ ಪೈಪು ಹಾಕಿ, ಜಲ್ಲಿ ತುಂಬಿ ನೀರು ಹೊರಗೆ ಒಯ್ಯುತ್ತಾರೆ. ಅದು ಒಳ್ಳೆಯ ಪದ್ಧತಿ. ಶಿರಹಟ್ಟಿ, ಮುಂಡರಗಿ ಕಡೆ ಇಳಿಜಾರಿನ ಊರಲ್ಲಿ ಪೈಪಿನ ಬಾಯಿ ಕೆಳಗಿನ ಹಳ್ಳಕ್ಕೆ ಬಿಡಲು ಬರುತ್ತದೆ. ನೂರು ಫೂಟಿಗೆ ಒಂದು ಫೂಟು ಇಳಿಕೆ ಸಿಕ್ಕರೆ ಆಯಿತು. ಆದರೆ ಸಪಾಟ ಎರಿ ಊರಲ್ಲಿ ಪೈಪಿನ ಬಾಯಿ ಎಲ್ಲಿ ಬಿಡ್ತೀರಿ? ಮುಂದಿನ ಗಟಾರ ಒಂದೂವರೆ ಫೂಟು, ಪೈಪು ಮೂರು ಫೂಟು ಕೆಳಗೆ. ಬಾಯಿ ಇಲ್ಲದ ಜಲ್ಲಿ ಕಾಲುವೆ ಅಂದರೆ ಬುನಾದಿ ಸುತ್ತ ನಾವೇ ಕಟ್ಟಿದ ಬಾನಿ. ಸುತ್ತ ಎರಿ ನೀರು ಬಿಡೂದಿಲ್ಲ, ಒಳಗ ನೀರು ತಿಂಗಳಗಟ್ಟಲೆ ನಿಲ್ತದ. ನೀರು ಹೋಗಲು ದಾರಿ ಇಲ್ಲದ ಕಡೆ ಜಲ್ಲಿ, ಉಸುಕು ತುಂಬಬೇಡಿರಿ.

ಮಣ್ಣಿನ ಗಾರೆಯ ಹಳೇ ಮನೆ ಇದ್ದವರು

ನಮ್ಮ ಊರಾಗ ಅರ್ಧಕ್ಕಿಂತ ಹೆಚ್ಚು ಹಳೇ ಮನೆ ಇಂಥವೇ. ಇವರು ಬುನಾದಿ ಅಗೆದು ತೆರೆಯಬಾರದು. ಕಲ್ಲು ಹಿಡಿದಿರೋದೇ ಸುತ್ತಲ ಮಣ್ಣು. ತೆರೆದು ನೀರು ಚಿಮುಕಿಸಿದರೆ ಸಂದಿಯ ಮಣ್ಣು ಕರಗಿ ಗ್ವಾಡಿ ಕೂರುತ್ತದೆ. ಇವರಿಗೆ ಒಳ್ಳೆಯದು ಅಂಗಳದ ಹೊದಿಕೆ.

ಗ್ವಾಡಿಯಿಂದ ಆರು ಫೂಟು ಅಗಲ, ಮೇಲಿನ ಒಂದು ಫೂಟು ಎರಿ ತೆಗೆದು ಹಾಕಿರಿ. ಇಳಿಜಾರು ಮಾಡಿ ಗಟ್ಟಿಸಿ ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿರಿ. ಗ್ವಾಡಿ ಕಡೆ ನಾಲ್ಕು ಇಂಚು ಮೇಲಕ್ಕೆ ಮಡಚಿರಬೇಕು. ಮೇಲೆ ಗರಸು ಹಾಕಿ ದಮ್ಮಸು ಮಾಡಿ, ಶಕ್ತಿ ಇದ್ದವರು ಫರಸಿ ಹಾಸಬಹುದು. ಕಾಂಕ್ರೀಟೇ ಹಾಕುವುದಾದರೆ ಗ್ವಾಡಿಗೆ ಒತ್ತಿ ಹಾಕದೆ ಅರ್ಧ ಇಂಚು ಸಂದಿ ಬಿಟ್ಟು ಡಾಂಬರು ತುಂಬಿರಿ. ಎರಿ ಉಬ್ಬಿದಾಗ ಕಾಂಕ್ರೀಟು ಏಳುತ್ತದೆ, ಗ್ವಾಡಿಗೆ ಅಂಟಿದ್ದರೆ ಅದನ್ನೂ ಎಳೆಯುತ್ತದೆ. ಈ ಹೊದಿಕೆಯಿಂದ ಮಳೆಗಾಲದಲ್ಲಿ ನೀರು ಇಳಿಯುವುದು ತಪ್ಪುತ್ತದೆ, ಬ್ಯಾಸಿಗಿಯಲ್ಲಿ ಹಸಿ ಆರುವುದೂ ತಪ್ಪುತ್ತದೆ. ಎರಿಯ ಹದ ಕಾಯುವುದೆಂದರೆ ಇದೇ.

ಬೆಟಗೇರಿಯ ನೇಕಾರ ಬಂಧುಗಳಿಗೂ ಇದೇ ಮಾತು. ಕುಣಿಮಗ್ಗದ ಕುಣಿ ನೆಲದೊಳಗೇ ಇರುತ್ತದೆ. ಅದರಲ್ಲಿ ಹಸಿ ಬಂದರೆ ಕಾಲು ಇಡಲಾಗದು, ನೂಲೂ ಥಂಡಿ ಹಿಡಿಯುತ್ತದೆ, ಅಂದಿನ ಕೂಲಿ ಹೋಗುತ್ತದೆ. ಕುಣಿಯೊಳಗೆ ಸಿಮೆಂಟು ಬಳಿಯುವ ಮೊದಲು ಆ ಕೋಣೆಯ ಹೊರಗಿನ ಗಟಾರ, ಹರಿನಾಳಿಗೆ ನೋಡಿರಿ.

ಹೊರಗಿನ ಕೆಲಸ ಮುಗಿದ ಕೂಡಲೆ ಒಳಗಿನ ಗ್ವಾಡಿ ಒಣಗುತ್ತದೆ ಎಂದು ತಿಳಿಯಬೇಡಿರಿ. ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಒಳಗೆ ಸುಣ್ಣ ಮಾತ್ರ ಬಳಿಯಿರಿ. ಸುಣ್ಣ ಉಸಿರಾಡಲು ಬಿಡುತ್ತದೆ, ಎಣ್ಣೆ ಬಣ್ಣ ಬಿಡೂದಿಲ್ಲ. ಇನ್ನೊಂದು ಮಾತು, ನೆಲದಡಿಯಿಂದ ಏರುವ ಹಸಿಯನ್ನು ಬಗಲಿನ ಡಾಂಬರು ಪೂರಾ ನಿಲ್ಲಿಸಲಾರದು. ಅದಕ್ಕೆ ಗ್ವಾಡಿಯ ಅಡ್ಡಲಾಗಿ ಹಸಿ ತಡೆಯುವ ಪದರ, ಡಿ.ಪಿ.ಸಿ. ಅಂತಾರಲ್ಲ, ಅದು ಬೇಕು. ಆದ್ದರಿಂದ ಹೊಸ ಮನೆ ಕಟ್ಟುವವರು ಬುನಾದಿ ಮೇಲೆ ಒಂದೂವರೆ ಇಂಚು ದಪ್ಪ ಕಾಂಕ್ರೀಟು ಪದರ, ಅದರ ಮೇಲೆ ಡಾಂಬರು ಮರೆಯದೆ ಹಾಕಿಸಿರಿ. ಇಡೀ ಮನೆಯ ಖರ್ಚಿನಲ್ಲಿ ಇದು ಲೆಕ್ಕಕ್ಕಿಲ್ಲದ ಮೊತ್ತ. ಆಮೇಲೆ ಹಾಕಿಸುವುದು ಬಹಳ ಕಷ್ಟ. ದೊಡ್ಡ ಮನೆ ಕಟ್ಟುವವರು ಎರಿ ನೆಲಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದ, ತಳದಲ್ಲಿ ಗಡಿಗೆಯಂತೆ ಉಬ್ಬಿದ ಕಂಬದ ಬುನಾದಿಯ ಬಗ್ಗೆ ಎಂಜಿನಿಯರರನ್ನು ಕೇಳಿರಿ.

ಗ್ವಾಡಿ ಒಬ್ಬರದು, ನೀರು ಓಣಿಯದು

ಈಗ ಸಂಘದ ಸಂಬಂಧಕ್ಕೆ ಬರುತ್ತೇವೆ. ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಒಬ್ಬರೇ ಮಾಡಿದರೆ ಏನಾಗುತ್ತದೆ? ನಮ್ಮ ಓಣಿಗಳಲ್ಲಿ ಮನೆಗೆ ಮನೆ ಹತ್ತಿವೆ, ನಡುಗ್ವಾಡಿ ಇಬ್ಬರದೂ. ನಾವು ಅಂಗಳ ಏರಿಸಿದರೆ ನೀರು ಬಗಲ ಮನೆಗೆ. ಅವರು ಏರಿಸಿದರೆ ಅದರ ಮುಂದಿನ ಮನೆಗೆ. ಕೊನೆಗೆ ತಗ್ಗಿನ ಮನೆಯವರು, ಬಹಳ ಸಲ ಅವರೇ ಎಲ್ಲರಿಗಿಂತ ಬಡವರು, ಎಲ್ಲರ ನೀರು ಕುಡಿಯುತ್ತಾರೆ. ನಮ್ಮ ಗ್ವಾಡಿ ಉಳಿಸಿಕೊಂಡು ನೆರೆಯವರ ಗ್ವಾಡಿ ಕೆಡವಿದರೆ ಅದು ಉಪಾಯ ಅಲ್ಲ.

ರಸ್ತೆಯ ಸಂಗತಿಯೂ ಹಾಗೆಯೇ. ಹಳೇ ರಸ್ತೆಯ ಮೇಲೆ ಕಾಂಕ್ರೀಟು, ಅದರ ಮೇಲೆ ಮತ್ತೊಮ್ಮೆ ಕಾಂಕ್ರೀಟು. ರಸ್ತೆ ಪ್ರತಿ ಸಲ ಅರ್ಧ ಫೂಟು ಏರುತ್ತದೆ, ಮನೆ ಇದ್ದಲ್ಲೇ ಇರುತ್ತದೆ. ಅಜ್ಜನ ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಮೊಮ್ಮಗ ಒಂದು ಮೆಟ್ಟಿಲು ಇಳಿದು ಹೋಗುತ್ತಾನೆ. ಇದಕ್ಕೆ ಒಬ್ಬರು ಹೋಗಿ ಕೇಳಿದರೆ ಆಗೂದಿಲ್ಲ. ಗ್ರಾಮಸಭೆಯಲ್ಲಿ ಓಣಿಯೇ ನಿಂತು ಕೇಳಬೇಕು: ಹಳೆಯದನ್ನು ಅಗೆದು ತೆಗೆದು ಹೊಸದು ಹಾಕಿರಿ, ಮೊದಲು ಗಟಾರ ಆಮೇಲೆ ರಸ್ತೆ, ಗಟಾರಿನ ತಳ ಎಲ್ಲರ ಅಂಗಳಕ್ಕಿಂತ ಕೆಳಗೆ ಇರಲಿ. ಹೊಸ ಮನೆಯವರು ರಸ್ತೆಯಿಂದ ಎರಡು ಫೂಟಾದರೂ ಎತ್ತರ ಹಿಡಿದು ಕಟ್ಟಿರಿ.

ಖರ್ಚಿನ ಲೆಕ್ಕದಲ್ಲೂ ಕೂಡಿ ಮಾಡಿದರೆ ಲಾಭ. ಹಿಂದೆ ಮುಂದೆ ಸೇರಿ ೫೦ ಫೂಟು ಉದ್ದ, ೨ ಫೂಟು ಅಗಲ, ೩ ಫೂಟು ಆಳ ಅಗೆಯುವ ಮನೆಗೆ ೩೦೦ ಘನ ಫೂಟು, ಅಂದರೆ ೩ ಬ್ರಾಸು ಗರಸು ಬೇಕು. ಗಿಲಾವಿಗೆ ಎರಡು ಮೂರು ಚೀಲ ಸಿಮೆಂಟು. ಒಬ್ಬರಿಗಾಗಿ ಟ್ರ್ಯಾಕ್ಟರ್ ತರಿಸುವುದಕ್ಕೂ, ಹತ್ತು ಮನೆಗೆ ಒಂದೇ ವಾರದಲ್ಲಿ ತರಿಸುವುದಕ್ಕೂ ದರದಲ್ಲಿ ಎಷ್ಟು ಫರಕು ಆಗುತ್ತದೆ ಎಂದು ವ್ಯವಹಾರಸ್ಥರಾದ ನಿಮಗೆ ಗೊತ್ತು. ಓಣಿಯ ಇಳಿಜಾರು ನೋಡಲು ದೊಡ್ಡ ಯಂತ್ರ ಬೇಡ, ನೀರು ತುಂಬಿದ ಪಾರದರ್ಶಕ ನಳಿಗೆ ಸಾಕು. ಎರಡು ತುದಿಯ ನೀರು ಸುಳ್ಳು ಹೇಳೂದಿಲ್ಲ, ಯಾರ ಪಕ್ಷವನ್ನೂ ಹಿಡಿಯೂದಿಲ್ಲ.

ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬ ರೈತನಿಂದ ಸಾವುಕಾರನ ಬಡ್ಡಿ ತಡೆಯಲು ಆಗುತ್ತಿರಲಿಲ್ಲ. ಊರು ಕೂಡಿದಾಗ ಆಯಿತು. ಬಡ್ಡಿಯೂ ಹಸಿಯೂ ಒಂದೇ ಜಾತಿ. ಸಪ್ಪಳ ಇಲ್ಲದೆ ಬುಡದಿಂದ ಏರುತ್ತವೆ, ಕಾಣುವ ಹೊತ್ತಿಗೆ ಮನೆ ಅರ್ಧ ಸೊರಗಿರುತ್ತದೆ.

ಆದ್ದರಿಂದ ಈ ಸಭೆಯ ಮುಂದೆ ಮೂರು ಸೂಚನೆ ಇಡುತ್ತೇವೆ. ಒಂದು, ಸಂಘದ ಗೋದಾಮಿನ ಸುತ್ತ ಬರುವ ಸಂಕ್ರಾಂತಿ ನಂತರ ಆರು ಫೂಟಿನ ಹೊದಿಕೆ ಹಾಕಿ ಎಲ್ಲರಿಗೂ ತೋರಿಸೋಣ. ಯೂರಿಯಾ ಚೀಲ ಹಸಿ ಹಿಡಿದು ಹೆಂಟೆ ಆಗುವುದೂ ತಪ್ಪುತ್ತದೆ. ಎರಡು, ದಮ್ಮಸು, ನೀರಿನ ನಳಿಗೆ, ಕಾಲುವೆಗೆ ಆನಿಸುವ ಹಲಗೆ ಇವನ್ನು ಸಂಘ ಇಟ್ಟುಕೊಂಡು ಸದಸ್ಯರಿಗೆ ಸಣ್ಣ ಬಾಡಿಗೆಗೆ ಕೊಡಲಿ. ಮೂರು, ತಗ್ಗಿನ ಮನೆಗಳಿಂದ ಕೆಲಸ ಶುರುವಾಗಲಿ, ದಿನ್ನೆಯ ಮನೆಗಳಿಂದಲ್ಲ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಮೂರು ನಾಲ್ಕು ದಿನ ಜಡಿಮಳೆ ಹಿಡಿದಾಗ ಮಣ್ಣಿನ ಗ್ವಾಡಿಯ ಬುಡ ಒತ್ತಿ ನೋಡಿರಿ. ಬೆರಳು ಇಳಿದರೆ, ಗ್ವಾಡಿಗೆ ಹೊಟ್ಟೆ ಬಂದಿದ್ದರೆ, ನಿನ್ನೆ ಹಾಕಲು ಬರುತ್ತಿದ್ದ ಬಾಗಿಲು ಇಂದು ಬಿಗಿಯಾಗಿದ್ದರೆ, ಆ ರಾತ್ರಿ ಅಲ್ಲಿ ಯಾರೂ ಮಲಗಬೇಡಿರಿ. ಮಳೆ ನಿಂತ ಮೇಲೂ ಎರಡು ದಿನ ಮಲಗಬೇಡಿರಿ. ಸಾಮಾನು ಹೋದರೆ ಮತ್ತೆ ತರಬಹುದು. ನಮ್ಮ ಸಂಘದ ಪ್ರೌಢಶಾಲೆ ಪಕ್ಕದ ಗೋದಾಮು ನಿಮಗಾಗಿ ತೆರೆದಿರಬೇಕು ಎಂದು ಆಡಳಿತ ಮಂಡಳಿಗೂ ಕೈಮುಗಿದು ವಿನಂತಿಸುತ್ತೇವೆ.



ಜೈ ಸಹಕಾರ.